ಆಟದ ಮಾತು ಮತ್ತು ಮನೋಬಲದ ಪಾಠ: ನಂಜನಗೂಡು–ತಿರುಮಕೂಡಲು ನರಸೀಪುರ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪ್ರವೇಶ

ಕನ್ನಡದಲ್ಲಿ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂಬ ಗಾದೆಮಾತು ಬಹುಕಾಲದಿಂದ ಬಳಕೆಯಲ್ಲಿದೆ. ಎಲ್ಲರ ನಡುವೆ ಇದ್ದೂ ಎಣಿಕೆಗೆ ಬಾರದವರನ್ನು ಕುರಿತು ಇಂದು ಈ ಮಾತನ್ನು ಹೇಳುತ್ತೇವೆ. ಮಕ್ಕಳ ಆಟದಲ್ಲಿ ಇದರ ಅರ್ಥ ಇಷ್ಟು ಕಹಿಯಾದುದಲ್ಲ. ಆಟ ಕಲಿಯದ ಎಳೆಯ ಮಗುವೊಂದು ತಾನೂ ಆಡುತ್ತೇನೆಂದು ಹಟ ಹಿಡಿದಾಗ ದೊಡ್ಡ ಮಕ್ಕಳು ಅದನ್ನು ಸೇರಿಸಿಕೊಳ್ಳುತ್ತಾರೆ. ಅದು ಓಡಬಹುದು, ಮುಟ್ಟಬಹುದು. ಸಿಕ್ಕಿಬಿದ್ದರೆ ಮಾತ್ರ ಔಟಾಗುವುದಿಲ್ಲ. ಸೋಲಿನ ಭಯವಿಲ್ಲದೆ ಆಟದ ನಿಯಮ ಕಲಿಯಲು ಸಿಕ್ಕ ಅವಕಾಶವದು. ಕಲಿತ ಮೇಲೆ ಅದೇ ಮಗು ಲೆಕ್ಕಕ್ಕೂ ಸೇರುತ್ತದೆ. ಹೀಗೆ ಒಂದೇ ಮಾತಿನಲ್ಲಿ ಹೊರಗಿಡುವ ಅರ್ಥವೂ ಒಳಗೆ ಕರೆದುಕೊಳ್ಳುವ ಅರ್ಥವೂ ಕೂಡಿಕೊಂಡಿವೆ.

ಅವಕಾಶವಂಚಿತ ಯುವಜನರಿಗೆ ಆಟಗಳ ಮೂಲಕ ಮಾನಸಿಕ ಕೌಶಲಗಳನ್ನು ಕಲಿಸುವ ಪ್ರಯತ್ನಗಳು ಕಳೆದ ಎರಡು ಮೂರು ದಶಕಗಳಲ್ಲಿ ನಮ್ಮಲ್ಲಿಯೂ ನಡೆದಿವೆ. ಗಮನವನ್ನು ಒಂದೆಡೆ ನಿಲ್ಲಿಸುವುದು, ಉದ್ವೇಗವನ್ನು ತಡೆಯುವುದು, ಸೋಲಿನ ಅನಂತರ ಮತ್ತೆ ತೊಡಗುವುದು, ನೆರವು ಕೇಳುವುದು ಮುಂತಾದವು ಈ ಕೌಶಲಗಳು. ಇವುಗಳ ಚರ್ಚೆ ಇದುವರೆಗೆ ಮನಶ್ಶಾಸ್ತ್ರ, ದೈಹಿಕ ಶಿಕ್ಷಣ ಮತ್ತು ಸಮಾಜಕಾರ್ಯ ವಿಭಾಗಗಳಿಗೆ ಸೀಮಿತವಾಗಿದೆ. ಆದರೆ ಇದರ ಒಳಗೊಂದು ಭಾಷಿಕ ಪ್ರಶ್ನೆಯಿದೆ. ಮೈದಾನದಲ್ಲಿ ಮೈಗೂಡಿದ ಕೌಶಲ ಬದುಕಿನ ಬೇರೆ ಸಂದರ್ಭಗಳಿಗೆ ದಾಟಬೇಕಾದರೆ ಅದನ್ನು ಹೆಸರಿಸುವ ಮಾತು ಬೇಕು; ಆ ಮಾತು ಕಲಿಯುವವನ ಮನೆಯ ಮತ್ತು ಬೀದಿಯ ಮಾತೇ ಆಗಿರಬೇಕು ಎಂಬುದು ಪ್ರಸ್ತುತ ಲೇಖನದ ಪ್ರಮೇಯ. ಮೈಸೂರು ಜಿಲ್ಲೆಯ ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಇದನ್ನು ಪರಿಶೀಲಿಸಲಾಗಿದೆ.

ಈ ಎರಡು ತಾಲ್ಲೂಕುಗಳನ್ನು ಕಪಿಲಾ ನದಿ ಬೆಸೆಯುತ್ತದೆ. ನಂಜನಗೂಡನ್ನು ಹಾದ ಹೊಳೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಒಂದೆಡೆ ನಾಲೆಯ ನೀರಿನ ಬತ್ತದ ಗದ್ದೆ, ಇನ್ನೊಂದೆಡೆ ಮಳೆಯಾಶ್ರಿತ ಹೊಲ, ನಡುವೆ ತಾಂಡ್ಯದಂತಹ ಕೈಗಾರಿಕಾ ಪ್ರದೇಶ. ಕೂಲಿಯ ಮನೆಯಿಂದ ಬಂದ ಹುಡುಗನಿಗೋ ಹುಡುಗಿಗೋ ಕಾರ್ಖಾನೆ ಕಣ್ಣೆದುರಿಗೇ ಇದ್ದರೂ ಅದರ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಹತ್ತನೆಯ ತರಗತಿಯ ಒಂದು ವಿಷಯ, ಐಟಿಐ ಪ್ರವೇಶ, ಗುತ್ತಿಗೆ ಕೆಲಸದ ಅನಿಶ್ಚಿತತೆ, ಬೇಗನೆ ಕೂಡಿಬರುವ ಮದುವೆ ಎಂಬ ತಡೆಗಳಲ್ಲಿ ಯಾವುದೇ ಒಂದರಲ್ಲಿ ಎಡವಿದವರು ಮರಳಿ ಏಳುವರೋ ಇಲ್ಲವೋ ಎಂಬುದರ ಮೇಲೆ ಒಂದು ತಲೆಮಾರಿನ ಬಾಳು ನಿಂತಿದೆ. ಆದ್ದರಿಂದ ಮನೋಬಲದ ಪಾಠ ಇಲ್ಲಿ ಅಲಂಕಾರದ ವಿಷಯವಲ್ಲ.

2. ಪಾರಿಭಾಷಿಕ ಪದದ ತೊಡಕು

ಮನಶ್ಶಾಸ್ತ್ರದಲ್ಲಿ 'ರೆಸಿಲಿಯನ್ಸ್' ಎನಿಸಿಕೊಂಡಿರುವ ಪರಿಕಲ್ಪನೆಗೆ ಕನ್ನಡದ ತರಬೇತಿ ಬರಹಗಳಲ್ಲಿ ಹಲವು ಪದಗಳು ಕಾಣಸಿಗುತ್ತವೆ. 'ಸ್ಥಿತಿಸ್ಥಾಪಕತ್ವ' ಅವುಗಳಲ್ಲಿ ಒಂದು. ಇದು ಭೌತವಿಜ್ಞಾನದಿಂದ ಬಂದದ್ದು. ಎಳೆದ ರಬ್ಬರು ಮೊದಲಿನ ಆಕಾರಕ್ಕೆ ಮರಳುವ ಗುಣವನ್ನು ಹೇಳುತ್ತದೆ. ಬಡತನ ಮತ್ತು ಅವಮಾನಗಳೇ ಮೊದಲಿನ ಸ್ಥಿತಿಯಾಗಿರುವ ಮಗುವಿಗೆ ಅದೇ ಸ್ಥಿತಿಗೆ ಮರಳುವುದು ಗುರಿಯಾಗಲಾರದು. 'ಚೇತರಿಕೆ' ಎಂಬುದು ಕಾಯಿಲೆಯ ಸಂದರ್ಭದ ಪದ. ಬಡ ಮಗುವನ್ನು ರೋಗಿಯಂತೆ ನೋಡುವ ಅಪಾಯ ಅದರಲ್ಲಿದೆ. 'ತಾಳ್ಮೆ', 'ತಾಳಿಕೆ' ಎಂಬ ಪದಗಳ ಅಪಾಯ ಇದಕ್ಕಿಂತ ಹೆಚ್ಚಿನದು. ಶತಮಾನಗಳಿಂದ ತಾಳಿಕೊಂಡು ಬಂದವರಿಗೆ ಇನ್ನಷ್ಟು ತಾಳಿರಿ ಎಂದು ಬೋಧಿಸುವುದು ಶಿಕ್ಷಣವೆನಿಸದು.

ಉಳಿದಿರುವುದು 'ಪುಟಿ' ಎಂಬ ಧಾತು. ನೆಲಕ್ಕೆ ಬಿದ್ದ ಚೆಂಡು ಬಿದ್ದ ರಭಸವನ್ನೇ ಬಳಸಿಕೊಂಡು ಮೇಲೇಳುವ ಚಿತ್ರ ಅದರಲ್ಲಿದೆ. ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೂ ಹಿಂದಕ್ಕೆ ಜಿಗಿಯುವ ಅರ್ಥವೇ ಇದೆ. 'ಪುಟಿದೇಳುವಿಕೆ' ಎಂಬ ಪ್ರಯೋಗ ಈಗಾಗಲೇ ಪತ್ರಿಕೆಗಳಲ್ಲಿ ರೂಢಿಗೆ ಬಂದಿದೆ. ಆಟದ ಲೋಕದಿಂದಲೇ ಬಂದ ಪದವಾದುದರಿಂದ ಪ್ರಸ್ತುತ ಲೇಖನ ಅದನ್ನೇ ಬಳಸುತ್ತದೆ.

ಇದಕ್ಕೆ ವಿರುದ್ಧವಾದ ಮನೋಧರ್ಮವನ್ನೂ ಕನ್ನಡ ಆಟದ ಭಾಷೆಯಲ್ಲಿಯೇ ಗುರುತಿಸಿದೆ. 'ಬಿದ್ದರೂ ಮೀಸೆ ಮಣ್ಣಾಗಲಿಲ್ಲ' ಎಂಬ ಗಾದೆ ಗರಡಿಯ ಮಣ್ಣಿನಿಂದ ಎದ್ದುಬಂದದ್ದು. ಬಿದ್ದುದನ್ನು ಒಪ್ಪದವನು ಏಳುವ ಉಪಾಯವನ್ನೂ ಹುಡುಕುವುದಿಲ್ಲ. ಬಿದ್ದೆನೆಂದು ಒಪ್ಪುವುದು ಪುಟಿದೇಳುವಿಕೆಯ ಮೊದಲ ಮೆಟ್ಟಿಲು ಎಂಬ ತಿಳಿವಳಿಕೆ ಈ ವ್ಯಂಗ್ಯದಲ್ಲಿ ಅಡಗಿದೆ.

3. ಅಧ್ಯಯನಗಳು ತೋರುವ ದಾರಿ

ಪುಟಿದೇಳುವಿಕೆಯ ಅಧ್ಯಯನಗಳಲ್ಲಿ ಎಮ್ಮಿ ವರ್ನರ್ ಅವರದು ಪ್ರಸಿದ್ಧವಾದುದು. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಅವರು, ತೀವ್ರ ಪ್ರತಿಕೂಲ ಪರಿಸ್ಥಿತಿಯಲ್ಲಿ ಬೆಳೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿ ಸಮರ್ಥ ವಯಸ್ಕರಾದುದನ್ನು ಕಂಡರು. ಇಂಥವರ ಬಾಳಿನಲ್ಲಿ ನಂಬಿ ನೆಚ್ಚಬಹುದಾದ ಒಬ್ಬ ಹಿರಿಯ ವ್ಯಕ್ತಿಯಾದರೂ ಇದ್ದುದು ಎದ್ದುಕಂಡಿತು. 2001ರಲ್ಲಿ ಆನ್ ಮಾಸ್ಟನ್ ಅವರು ಪುಟಿದೇಳುವಿಕೆ ಅಸಾಮಾನ್ಯರ ವರವಲ್ಲ, ಸಾಮಾನ್ಯ ಸಂಬಂಧಗಳು ಮತ್ತು ಸಾಮಾನ್ಯ ಸಾಮರ್ಥ್ಯಗಳು ಕೆಡದೆ ಕೆಲಸ ಮಾಡಿದಾಗ ಉಂಟಾಗುವ ಫಲ ಎಂದು ವಾದಿಸಿದರು. ಸಾಮಾನ್ಯವಾದುದನ್ನು ಕಲಿಸಲು ಸಾಧ್ಯ ಎಂಬ ಭರವಸೆ ಇಲ್ಲಿಂದ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಶಾಲೆಗಳಿಗಾಗಿ ಜೀವನ ಕೌಶಲ ಶಿಕ್ಷಣದ ರೂಪರೇಷೆಯನ್ನು ಪ್ರಕಟಿಸಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಶಿಕ್ಷಕರೇ ಕಲಿಸಬಹುದಾದ ಮಾದರಿಯೊಂದನ್ನು ರೂಪಿಸಿತು. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರು 2010ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಒಂದು ವರ್ಷ ಈ ಶಿಕ್ಷಣ ಪಡೆದ 605 ಹದಿಹರೆಯದವರನ್ನು, ಪಡೆಯದ 423 ಮಂದಿಯೊಡನೆ ಹೋಲಿಸಲಾಯಿತು. ಆತ್ಮಗೌರವ, ಕಷ್ಟವನ್ನು ನಿಭಾಯಿಸಬಲ್ಲೆನೆಂಬ ಭಾವನೆ, ಶಿಕ್ಷಕರೊಡನೆ ಮತ್ತು ಶಾಲೆಯಲ್ಲಿ ಹೊಂದಾಣಿಕೆ ಇವುಗಳಲ್ಲಿ ಮೊದಲ ಗುಂಪು ಸ್ಪಷ್ಟವಾಗಿ ಮುಂದಿತ್ತು. ಆದರೆ ಮನೆಯಲ್ಲಿನ ಮತ್ತು ಓರಗೆಯವರೊಡನೆಯ ಹೊಂದಾಣಿಕೆಯಲ್ಲಿ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಈ ಕೊನೆಯ ಫಲಿತಾಂಶ ಭಾಷೆಯ ವಿದ್ಯಾರ್ಥಿಗಳಾದ ನಮ್ಮ ಗಮನ ಸೆಳೆಯಬೇಕು. ಶಾಲೆಯಲ್ಲಿ ಕಲಿತದ್ದು ಶಾಲೆಯಲ್ಲಿ ಫಲಿಸಿತು. ಮನೆಯ ಹೊಸಿಲನ್ನು ದಾಟಿದಂತೆ ತೋರಲಿಲ್ಲ. ಇದಕ್ಕೆ ಕಾರಣಗಳು ಹಲವಿರಬಹುದು. ಪಾಠದ ಭಾಷೆ ಮನೆಯ ಭಾಷೆಗಿಂತ ಬೇರೆಯಾಗಿರುವುದೂ ಅವುಗಳಲ್ಲಿ ಒಂದಾಗಿರಬಹುದೆಂಬುದು ನಮ್ಮ ತರ್ಕ. 'ಭಾವನೆಗಳ ನಿರ್ವಹಣೆ' ಎಂಬ ಪದಪುಂಜವನ್ನು ಯಾವ ಹುಡುಗಿಯೂ ತನ್ನ ತಾಯಿಯ ಎದುರು ಬಳಸಲಾರಳು. ಒಂದು ಸಂದರ್ಭದಲ್ಲಿ ಪಡೆದ ಕುಶಲತೆ ದೂರದ ಇನ್ನೊಂದು ಸಂದರ್ಭಕ್ಕೆ ತಾನಾಗಿ ವರ್ಗವಾಗುವುದು ವಿರಳವೆಂದು ಚದುರಂಗ, ಸಂಗೀತ ಮೊದಲಾದವುಗಳ ಅಧ್ಯಯನಗಳನ್ನು ಪರಿಶೀಲಿಸಿ ಜೊವಾನಿ ಸಾಲಾ ಮತ್ತು ಫರ್ನಾಂಡ್ ಗೊಬೆ ಅವರು 2017ರಲ್ಲಿ ತೋರಿಸಿದ್ದಾರೆ. ಆಟವಾಡಿಸಿದರೆ ಸಾಕು, ಗುಣ ತಾನೇ ಬರುತ್ತದೆ ಎಂಬ ನಂಬಿಕೆಗೆ ಆಧಾರ ದುರ್ಬಲ. ದಾಟಿಸುವ ಸೇತುವೆಯನ್ನು ಶಿಕ್ಷಕನೇ ಕಟ್ಟಬೇಕಾಗುತ್ತದೆ.

4. ಕುರುಬೂರಿನ ಖೋ ಖೋ

ಇಂತಹ ಸೇತುವೆಗೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿಯೇ ಇದೆ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಮಹಿಳಾ ತಂಡ ಜನವರಿ 19ರ ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿತು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದ ಬಿ. ಚೈತ್ರಾ ಅವರು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು; ಕೃಷಿಕ ಕುಟುಂಬದಿಂದ ಬಂದು ಊರಿನ ಶಾಲೆಯಲ್ಲಿ ಆಟ ಕಲಿತವರು. ಒಬ್ಬರ ಗೆಲುವು ಒಂದು ಸಿದ್ಧಾಂತಕ್ಕೆ ಪ್ರಮಾಣವಾಗದು. ನಮ್ಮ ಕಾಳಜಿ ಪದಕದ ಬಳಿಗೂ ಸುಳಿಯದ ನೂರಾರು ಮಕ್ಕಳನ್ನು ಕುರಿತದ್ದು. ಆದರೂ ಈ ಆಟ ಇಲ್ಲಿನ ಮಕ್ಕಳಿಗೆ ಹೊರಗಿನದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಖೋ ಖೋ ಆಟದ ನಿಯಮಗಳು 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನದಲ್ಲಿ ರೂಪುಗೊಂಡವು. ಆ ನಿಯಮಗಳ ಒಳಗೆ ಕಲಿಕೆಗೆ ಒದಗುವ ಮೂರು ಅಂಶಗಳನ್ನು ಗುರುತಿಸಬಹುದು.

ಮೊದಲನೆಯದು ತಡೆ. ಅಟ್ಟುವವನು ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಕಂಬವನ್ನು ಮುಟ್ಟುವವರೆಗೆ ತಿರುಗುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಎದುರಾಳಿ ಕೈಯಳತೆಯಲ್ಲಿದ್ದರೂ ಗೆರೆಯ ಆಚೆಗಿದ್ದರೆ ಮುಟ್ಟುವ ಆಸೆಯನ್ನು ನುಂಗಬೇಕು. ಕುಳಿತವನು ಖೋ ಸಿಗುವ ಮುನ್ನ ಏಳುವಂತಿಲ್ಲ. ಆಟದ ಸುಖಕ್ಕಾಗಿಯೇ ಮಗು ತನ್ನ ತಕ್ಷಣದ ಆಸೆಯನ್ನು ನಿಯಮಕ್ಕೆ ಅಧೀನಗೊಳಿಸುತ್ತದೆ ಎಂದು ವೈಗೋಟ್‌ಸ್ಕಿ 1933ರ ಉಪನ್ಯಾಸದಲ್ಲಿ ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಎರಡನೆಯದು ಒಪ್ಪಿಸುವಿಕೆ. ಎದುರಾಳಿ ಆಚೆ ಬದಿಗೆ ನುಸುಳಿದಾಗ ಅಟ್ಟುವವನು ಬೆನ್ನು ಮುಟ್ಟಿ 'ಖೋ' ಎಂದು ಗಟ್ಟಿಯಾಗಿ ಕೂಗಿ, ಎದ್ದವನ ಜಾಗದಲ್ಲಿ ಕೂರುತ್ತಾನೆ. ನನ್ನಿಂದ ಆಗದ ದಿಕ್ಕಿಗೆ ನೀನು ಓಡು ಎಂಬುದೇ ಇದರ ತಾತ್ಪರ್ಯ. ಇದನ್ನು ಯಾರೂ ಸೋಲೆನ್ನುವುದಿಲ್ಲ. ಖೋ ಕೊಡಲು ತಡಮಾಡಿದವನನ್ನೇ ತಂಡ ಬೈಯುತ್ತದೆ. ನೆರವು ಕೇಳುವುದನ್ನು ಅವಮಾನವೆಂದು ತಿಳಿದು ಒಳಗೊಳಗೇ ಕುಸಿಯುವ ಹದಿಹರೆಯದವರಿಗೆ ನೆರವು ಕೇಳುವುದು ಆಟದ ನಿಯಮವೆಂದು ತಿಳಿಸುವ ಮಾತು ಇದಾಗಿದೆ. 'ಯಾರಿಗೆ ಖೋ ಕೊಡಬಹುದಿತ್ತು?' ಎಂಬ ಪ್ರಶ್ನೆ ಪರೀಕ್ಷೆಗೆ ಹೆದರಿದ ಹುಡುಗನಿಗೂ ಅರ್ಥವಾಗುತ್ತದೆ. ವರ್ನರ್ ಕಂಡ ಆ ಒಬ್ಬ ಹಿರಿಯ ವ್ಯಕ್ತಿಯನ್ನು ಹುಡುಕಿಕೊಳ್ಳುವ ದಾರಿಯೂ ಇದೇ.

ಮೂರನೆಯದು ಸ್ಪರ್ಶ. ಈ ಆಟದಲ್ಲಿ ಔಟ್ ಮಾಡುವುದೂ ಮುಟ್ಟುವುದರಿಂದ, ಖೋ ಕೊಡುವುದೂ ಮುಟ್ಟುವುದರಿಂದ. ಅಸ್ಪೃಶ್ಯತೆಯ ಗಾಯ ಮಾಯದ ಸಮಾಜದಲ್ಲಿ ಮುಟ್ಟುವುದನ್ನೇ ನಿಯಮವಾಗಿಸಿಕೊಂಡ ಆಟಕ್ಕೆ ವಿಶೇಷ ಅರ್ಥವಿದೆ. ಆಟ ಮುಗಿದ ಮೇಲೆ ನೀರು ಕುಡಿಯುವಲ್ಲಿ ಮತ್ತೆ ಗೆರೆ ಬಿದ್ದರೆ ಮೈದಾನದ ಪಾಠ ಮೈದಾನದಲ್ಲಿಯೇ ಉಳಿಯಿತೆಂದು ತಿಳಿಯಬೇಕು.

5. ಮನೆಯಾಟಗಳ ನುಡಿಗಟ್ಟು

ಓಡಲಾಗದವರಿಗೂ, ಮೈದಾನವಿಲ್ಲದ ಶಾಲೆಗಳಿಗೂ ಜಗಲಿಯ ಆಟಗಳಿವೆ. ಮೈಸೂರು ಸೀಮೆಯಲ್ಲಿ ಇವುಗಳಿಗೆ ದೀರ್ಘ ಪರಂಪರೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಸಿದ್ಧವಾದ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿ ಮಣೆಯಾಟಗಳನ್ನು ಕುರಿತದ್ದು. ಈಚೆಗೆ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಇಂತಹ ಆಟಗಳ ಪ್ರದರ್ಶನಗಳನ್ನು ಏರ್ಪಡಿಸಿದೆ. ಅರಮನೆಯ ಮಣೆಗೂ ಹಟ್ಟಿಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಗೀಚಿದ ಮನೆಗಳಿಗೂ ಆಟದ ತತ್ತ್ವ ಬಹುಮಟ್ಟಿಗೆ ಒಂದೇ.

ಚೌಕಾಬಾರವನ್ನು ತೆಗೆದುಕೊಳ್ಳೋಣ. ಐದೈದು ಸಾಲಿನ ಇಪ್ಪತ್ತೈದು ಮನೆಗಳು, ಕವಡೆಗಳು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎದುರಾಳಿ ಕಡಿದ ಕಾಯಿ ಮೊದಲ ಮನೆಯಿಂದ ಮತ್ತೆ ಹೊರಡಬೇಕು. ಕಟ್ಟೆಯ ಮೇಲಿದ್ದ ಕಾಯನ್ನು ಕಡಿಯುವಂತಿಲ್ಲ. ಸುತ್ತು ಮುಗಿಸಿ ನಡುಮನೆ ಸೇರಿದ ಕಾಯಿ 'ಹಣ್ಣಾಗುತ್ತದೆ'. ಕವಡೆ ಹೇಗೆ ಬೀಳುತ್ತದೆಂಬುದು ಯಾರ ಕೈಯಲ್ಲಿಯೂ ಇಲ್ಲ. ಬಿದ್ದ ಲೆಕ್ಕಕ್ಕೆ ಯಾವ ಕಾಯಿ ನಡೆಸಬೇಕೆಂಬುದು ಮಾತ್ರ ಆಡುವವನ ಕೈಯಲ್ಲಿದೆ. ಕುಮಾರವ್ಯಾಸನ ಸಭಾಪರ್ವದಿಂದ ಮೊದಲ್ಗೊಂಡು ನಮ್ಮ ಸಾಹಿತ್ಯದಲ್ಲಿ ಪಗಡೆ ವಿಧಿಯ ಮತ್ತು ವಿನಾಶದ ಸಂಕೇತವಾಗಿ ಬಂದಿದೆ. ಜಗಲಿಯ ಆಟ ಬೇರೆಯದನ್ನು ಕಲಿಸುತ್ತದೆ. ಹುಟ್ಟಿದ ಮನೆ, ಸಿಕ್ಕ ಶಾಲೆ, ಮಳೆ ಬಾರದ ವರ್ಷ ಇವು ಕವಡೆ. ಅದರೊಳಗೂ ಉಳಿದಿರುವ ಆಯ್ಕೆ ಕಾಯಿ. ತನ್ನ ಹತೋಟಿಯಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರ್ಪಡಿಸಿ ನೋಡುವ ಮಾನಸಿಕ ಕೌಶಲಕ್ಕೆ ಇದಕ್ಕಿಂತ ಸರಳವಾದ ಪರಿಭಾಷೆ ಬೇಕಿಲ್ಲ. 'ಕಟ್ಟೆ' ಎಂಬ ಪದವೂ ಹಾಗೆಯೇ. ನಿನಗೆ ಕಟ್ಟೆ ಯಾವುದು ಎಂದು ಕೇಳಿದರೆ ಮಗು ತನಗೆ ಆಸರೆಯಾದ ಜಾಗವನ್ನೋ ವ್ಯಕ್ತಿಯನ್ನೋ ಹೆಸರಿಸಬಲ್ಲದು.

ಲಗೋರಿಯಲ್ಲಿ ಚೆಂಡಿನ ಹೊಡೆತ ತಪ್ಪಿಸಿಕೊಳ್ಳುತ್ತಲೇ ಉರುಳಿದ ಕಲ್ಲುಗಳನ್ನು ಮತ್ತೆ ಪೇರಿಸಬೇಕು. ಕಬಡ್ಡಿಯಲ್ಲಿ ಔಟಾದವನು ತಾನಾಗಿ ಮರಳಲಾರ. ತನ್ನ ತಂಡದವರು ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗ ಒಳಗೆ ಬರುತ್ತಾನೆ. ಮರಳಿ ಏಳುವುದು ಒಬ್ಬಂಟಿಯ ಸಾಹಸವಲ್ಲ, ಉಳಿದವರ ದುಡಿಮೆಯೂ ಅದರಲ್ಲಿ ಸೇರಿದೆ ಎಂಬ ಸತ್ಯ ಈ ನಿಯಮದಲ್ಲಿದೆ.

6. ತರಗತಿಗೆ ಒಂದು ಮಾದರಿ

ಈ ವಿವೇಚನೆಯ ಆಧಾರದ ಮೇಲೆ ಪ್ರೌಢಶಾಲೆ ಅಥವಾ ಪದವಿಪೂರ್ವ ತರಗತಿಗೆ ಹೊಂದುವ ಪಾಠಕ್ರಮವನ್ನು ಮೂರು ಹಂತಗಳಲ್ಲಿ ಸೂಚಿಸಬಹುದು.

ಮೊದಲ ಹಂತ ಆಟ. ಇಪ್ಪತ್ತು ನಿಮಿಷಗಳ ಕಾಲ ಮಕ್ಕಳು ತಮಗೆ ಗೊತ್ತಿರುವ ಆಟವನ್ನೇ ಆಡಲಿ. ಶಿಕ್ಷಕರು ತೀರ್ಪು ಕೊಡುವುದಕ್ಕಿಂತ ಕೇಳಿಸಿಕೊಳ್ಳುವುದರಲ್ಲಿ ತೊಡಗಬೇಕು. ಮಕ್ಕಳು ಕೂಗಿದ, ಬೈದ, ಹುರಿದುಂಬಿಸಿದ ಮಾತುಗಳನ್ನು ಹಾಗೆಯೇ ಬರೆದಿಟ್ಟುಕೊಳ್ಳಬೇಕು.

ಎರಡನೆಯ ಹಂತ ಮಾತು. ಆ ಪದಗಳಲ್ಲಿ ನಾಲ್ಕೈದನ್ನು ಕಪ್ಪುಹಲಗೆಯ ಮೇಲೆ ಬರೆದು ಚರ್ಚಿಸಬೇಕು. ಔಟಾದ ಗಳಿಗೆಯಲ್ಲಿ ಮನಸ್ಸಿನೊಳಗೆ ಏನು ಅಂದುಕೊಂಡೆ? ಮತ್ತೆ ಒಳಗೆ ಬಂದಾಗ ಏನು ಬದಲಾಯಿಸಿದೆ? ಹೀಗೆ ಕೇಳಿದಾಗ ಕ್ರೀಡಾ ಮನಶ್ಶಾಸ್ತ್ರದಲ್ಲಿ ಸ್ವಗತವೆನಿಸಿಕೊಂಡಿರುವುದು ಮಗುವಿನ ಬಾಯಲ್ಲಿ ಅದರದೇ ಮಾತಾಗಿ ಹೊರಬರುತ್ತದೆ. ಇಲ್ಲಿ ಶಿಷ್ಟ ಕನ್ನಡಕ್ಕೆ ತಿದ್ದುವ ಅಭ್ಯಾಸವನ್ನು ಬದಿಗಿಡಬೇಕು. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಈ ನೆಲದ ಆಡುನುಡಿಗೆ ಎಂತಹ ಕಸುವಿದೆಯೆಂದು ಸಾಹಿತ್ಯಲೋಕಕ್ಕೆ ತೋರಿಸಿಕೊಟ್ಟ ಮೇಲೆಯೂ ನಮ್ಮ ತರಗತಿಗಳು ಅದೇ ನುಡಿಯನ್ನು ತಪ್ಪೆಂದು ಗೆರೆಯೆಳೆಯುವುದು ವಿಪರ್ಯಾಸ.

ಮೂರನೆಯ ಹಂತ ಬಾಳು. ಆಟದ ಒಂದು ಪದವನ್ನು ಹಿಡಿದು ಹೊರಗಿನ ಸಂದರ್ಭವೊಂದನ್ನು ಮಕ್ಕಳು ಗುರುತಿಸಬೇಕು. ಉದಾಹರಣೆಗೆ ಎಸ್ಎಸ್ಎಲ್‌ಸಿ ಪರೀಕ್ಷೆ. ಕರ್ನಾಟಕದಲ್ಲಿ 2024ರಿಂದ ಅನುತ್ತೀರ್ಣರಾದವರು ಅದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆಯುವ ಅವಕಾಶವನ್ನು ಹೊಸ ರೀತಿಯಲ್ಲಿ ವ್ಯವಸ್ಥೆಗೊಳಿಸಲಾಗಿದೆ. ನಿಯಮ ಇದ್ದರೆ ಸಾಲದು. 'ಫೇಲ್' ಎಂಬ ಪದ ಆಟ ಮುಗಿಯಿತೆಂಬ ಅರ್ಥವನ್ನು ಬಿಟ್ಟು, ಕಾಯಿ ಮೊದಲ ಮನೆಗೆ ಬಂದಿದೆ ಎಂಬ ಅರ್ಥವನ್ನು ಪಡೆಯಬೇಕು. ಮುಂದಿನ ತರಗತಿಯಲ್ಲಿ ಯಾರಾದರೂ ಆ ಪದವನ್ನು ಮನೆಯಲ್ಲಿ ಬಳಸಿದರೇ ಎಂದು ವಿಚಾರಿಸಬೇಕು. ಪಾಠ ಹೊಸಿಲು ದಾಟಿತೇ ಎಂಬುದಕ್ಕೆ ಅದೇ ಪರೀಕ್ಷೆ.

ಫಲವನ್ನು ಅಳೆಯುವ ಸಾಧನವೂ ಲಭ್ಯವಿದೆ. 1999ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಕಾಲ್ಚೆಂಡಾಟ ಮತ್ತು ಕಲೆಗಳ ಮೂಲಕ ಅವಕಾಶವಂಚಿತ ಮಕ್ಕಳಿಗೆ ಜೀವನ ಕೌಶಲ ಕಲಿಸುತ್ತ ಬಂದಿರುವ ಡ್ರೀಮ್ ಎ ಡ್ರೀಮ್ ಸಂಸ್ಥೆಯ ಅನುಭವದಿಂದ ರೂಪುಗೊಂಡ ಮಾಪನ 2014ರಲ್ಲಿ ಪ್ರಕಟವಾಯಿತು. ಇತರರೊಡನೆ ಒಡನಾಟ, ಕಷ್ಟಗಳನ್ನು ದಾಟಿ ಸಮಸ್ಯೆ ಬಿಡಿಸುವುದು, ಮುಂದಾಗಿ ತೊಡಗುವುದು, ಜಗಳವನ್ನು ನಿಭಾಯಿಸುವುದು, ಸೂಚನೆಯನ್ನು ಅರಿತು ಪಾಲಿಸುವುದು ಎಂಬ ಐದೇ ಅಂಶಗಳನ್ನು ಶಿಕ್ಷಕರು ಗಮನಿಸಿ ಗುರುತು ಹಾಕಿಕೊಳ್ಳುವಷ್ಟು ಸರಳವಾದುದು ಅದು.

7. ಮಿತಿಗಳು

ಈ ಕ್ರಮಕ್ಕೆ ಮೂರು ಎಚ್ಚರಗಳು ಅಗತ್ಯ. ಒಂದು, ಚರ್ಚೆಯ ನೆಪದಲ್ಲಿ ಮಗುವಿನ ಮನೆಯ ನೋವನ್ನು ಎಲ್ಲರೆದುರು ಬಿಚ್ಚಿಸಬಾರದು. ಆಟದ ಪದದ ಮರೆಯಲ್ಲಿ ಎಷ್ಟು ಹೇಳಬೇಕೆಂಬುದು ಮಗುವಿನ ಇಚ್ಛೆ. ತೀವ್ರ ಸಂಕಟದಲ್ಲಿರುವವರಿಗೆ ತಜ್ಞರ ನೆರವೇ ಬೇಕು. ಎರಡು, ಹದಿಹರೆಯಕ್ಕೆ ಬಂದೊಡನೆ ಹೆಣ್ಣುಮಕ್ಕಳು ಆಟದಿಂದ ಹಿಂದೆ ಸರಿಯುವಂತಾಗುವುದನ್ನು ಗಮನಿಸದಿದ್ದರೆ ಯಾರಿಗೆ ಹೆಚ್ಚು ಅಗತ್ಯವೋ ಅವರೇ ಪಾಠದಿಂದ ಹೊರಗುಳಿಯುತ್ತಾರೆ.

ಮೂರನೆಯದು ಬಹು ಮುಖ್ಯ. ಪುಟಿದೇಳುವಿಕೆಯ ಪಾಠ ಅನ್ಯಾಯವನ್ನು ಸಹಿಸುವ ಪಾಠವಾಗಬಾರದು. ವಿಶ್ವಕಪ್ ಗೆದ್ದ ಬಳಿಕ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿಗಳ ಬಹುಮಾನ ಘೋಷಿಸಿದಾಗ ಚೈತ್ರಾ ಮತ್ತು ಪುರುಷರ ತಂಡದ ಎಂ. ಕೆ. ಗೌತಮ್ ಅವರು, ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟುದರೊಡನೆ ಹೋಲಿಸಿ ಅದನ್ನು ಸ್ವೀಕರಿಸಲು ನಿರಾಕರಿಸಿದರು. ಬಹುಮಾನದ ಮೊತ್ತವನ್ನು ಕುರಿತು ಅಭಿಪ್ರಾಯಭೇದಗಳಿರಬಹುದು. ಆಟಕ್ಕಿರುವ ನಮ್ಮನ್ನು ಲೆಕ್ಕಕ್ಕೂ ಹಿಡಿಯಿರಿ ಎಂದು ಕೇಳುವ ಧೈರ್ಯವೂ ಮನೋಬಲದ ಒಂದು ಮುಖವೆಂಬುದನ್ನು ಅಲ್ಲಗಳೆಯಲಾಗದು. ನಿಯಮವೇ ತಪ್ಪಾಗಿರುವಲ್ಲಿ ನಿಯಮವನ್ನು ಪ್ರಶ್ನಿಸುವುದನ್ನೂ ಮಕ್ಕಳು ಆಟದ ಜಗಳಗಳಲ್ಲಿಯೇ ಕಲಿಯುತ್ತಾರೆ.

8. ಸಮಾರೋಪ

ಕನ್ನಡ ಅಧ್ಯಯನ ವಿಭಾಗಗಳು ಜನಪದ ಆಟಗಳನ್ನು ಸಂಗ್ರಹಿಸಿರುವುದು ಬಹುಮಟ್ಟಿಗೆ ನಿಯಮಗಳ ಪಟ್ಟಿಯಾಗಿ. ಆಡುವಾಗ ಹುಟ್ಟುವ ಮಾತು, ಅಂದರೆ ಔಟಾದವನ ಗೊಣಗಾಟ, ಗೆಳೆಯರ ಸಮಾಧಾನ, ತೀರ್ಪಿನ ತಕರಾರು, ಮರಳಿ ಕರೆಯುವ ಕೂಗು, ನಮ್ಮ ಸಂಗ್ರಹಗಳಲ್ಲಿ ವಿರಳ. ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಲ್ಲಿ ಊರೂರಿನ ಆಟದ ನುಡಿಕೋಶವೊಂದನ್ನು ಸಿದ್ಧಪಡಿಸುವ ಕೆಲಸ ಸೇರಬೇಕು. ತಾಂಡ್ಯದ ಸುತ್ತಲಿನ ಹಳ್ಳಿಗಳಿಂದಲೋ ಕುರುಬೂರಿನಿಂದಲೋ ಅದನ್ನು ಆರಂಭಿಸಬಹುದು. ಆ ಕೋಶವನ್ನು ಶಿಕ್ಷಕರ ಕೈಗೆ ಕೊಟ್ಟಾಗ ಜೀವನ ಕೌಶಲದ ತರಬೇತಿಗೆ ಅನುವಾದದ ಪದಗಳನ್ನು ಹುಡುಕುವ ಶ್ರಮ ಕಡಿಮೆಯಾದೀತು. ಮನಶ್ಶಾಸ್ತ್ರಜ್ಞರು ಪರಿಕಲ್ಪನೆಯನ್ನು ಕೊಡಬಲ್ಲರು, ದೈಹಿಕ ಶಿಕ್ಷಕರು ಆಟವನ್ನು ಕೊಡಬಲ್ಲರು. ಇವೆರಡನ್ನೂ ಮಗುವಿನ ಮನೆಯವರೆಗೆ ಒಯ್ಯುವ ಮಾತನ್ನು ಒದಗಿಸುವುದು ಕನ್ನಡ ಅಧ್ಯಾಪಕರ ಪಾಲಿನ ಕೆಲಸ.